ಅಡಿಕೆ ತೋಟದ ಮಿನಿ ಟ್ರ್ಯಾಕ್ಟರ್: ಕೊಂಡಿಯ ತೂತು ಸವೆಯದಂತೆ, ಪಿನ್ನು ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಐದು ವರ್ಷದ ಹಿಂದೆ ಒಂದು ಮಿನಿ ಟ್ರ್ಯಾಕ್ಟರ್, ಜೊತೆಗೆ ಒಂದು ಚಿಕ್ಕ ಟ್ರೈಲರ್ ತೆಗೆದುಕೊಂಡೆವು. ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಸಾಗಿಸುವುದು ಅದರಲ್ಲೇ. ಮಳೆಗಾಲದಲ್ಲಿ ಬೋರ್ಡೊ ದ್ರಾವಣದ ಡ್ರಮ್ಮು ಒಯ್ಯುವುದೂ ಅದರಲ್ಲೇ. ಈ ಸಲ ಮಳೆ ಮುಗಿದ ಮೇಲೆ ನೋಡಿದರೆ ಟ್ರೈಲರ್ ಸಿಕ್ಕಿಸುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು. ದೊಡ್ಡ ಸುತ್ತಿಗೆಯಲ್ಲಿ ಹೊಡೆದು ತೆಗೆದೆವು. ತೂತು ಮೊಟ್ಟೆಯ ಆಕಾರಕ್ಕೆ ಬಂದಿದೆ. ಓಡಿಸುವಾಗ ಟಕ ಟಕ ಸದ್ದು. ವೆಲ್ಡಿಂಗ್ ಮಾಡಿಸಬೇಕೋ, ಬದಲಿಸಬೇಕೋ? ಮುಂದೆ ಹೀಗಾಗದಂತೆ ಏನು ಹಚ್ಚಬೇಕು? ಸುಟ್ಟ ಆಯಿಲ್ ಸಾಕು ಅಂತ ಕೆಲವರು ಹೇಳುತ್ತಾರೆ. ಮಳೆಗಾಲ ಪೂರ್ತಿ ಟ್ರೈಲರ್ ಸಿಕ್ಕಿಸಿಯೇ ಇಡಬಹುದಾ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟ್ರೈಲರ್ ಮೈಮೇಲೆ, ಡ್ರಾಬಾರ್ (ಟ್ರೈಲರ್ ಎಳೆಯಲು ಟ್ರ್ಯಾಕ್ಟರ್ ಹಿಂದೆ ಇರುವ) ಪಟ್ಟಿಯ ಮೇಲೆ ಕಾಣುವ ಕೆಂಪು ತುಕ್ಕಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ದಪ್ಪದ ಕಬ್ಬಿಣ ಹೊರಗಿನ ತುಕ್ಕಿನಿಂದ ಕರಗಲು ಎಷ್ಟೋ ವರ್ಷ ಬೇಕು. ಕೊಂಡಿ ಹಾಳಾಗುವುದು ಕಣ್ಣಿಗೆ ಕಾಣದ ಜಾಗದಲ್ಲಿ, ಪಿನ್ನು ಕೂರುವ ತೂತಿನ ಒಳಗೆ. ನಿಮ್ಮ ಟಕ ಟಕ ಸದ್ದು ಹೇಳುತ್ತಿರುವುದೂ ಅದನ್ನೇ. ಮಲೆನಾಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಈ ಗಾಡಿಗಳ ರಿಪೇರಿ ಮಾಡುತ್ತಾ ಬಂದಿದ್ದೇನೆ. ಬಯಲುಸೀಮೆಯ ಗಾಡಿ ಹತ್ತು ವರ್ಷ ದುಡಿದರೂ ಆಗದಷ್ಟು ಸವೆತ ನಮ್ಮಲ್ಲಿ ನಾಲ್ಕೈದು ವರ್ಷಕ್ಕೇ ಆಗಿರುತ್ತದೆ. ಇಲ್ಲಿ ತುಕ್ಕು, ಸವೆತ ಎರಡೂ ಸೇರಿಕೊಂಡು ಕೆಲಸ ಮಾಡುತ್ತವೆ.

ಅದು ಹೇಗೆ ನೋಡಿ. ಹೊಸ ಗಾಡಿಯಲ್ಲೂ ಪಿನ್ನಿಗಿಂತ ತೂತು ಒಂದು, ಒಂದೂವರೆ ಮಿ.ಮೀ. ದೊಡ್ಡದಿರುತ್ತದೆ. ಇಲ್ಲದಿದ್ದರೆ ಪಿನ್ನು ಇಳಿಯುವುದೇ ಇಲ್ಲ. ಈ ಸಣ್ಣ ಸಂದಿನಲ್ಲಿ ಮಳೆನೀರು ಹೋಗಿ ಕೂರುತ್ತದೆ. ಹೊರಗಿನ ಪಟ್ಟಿ ಬಿಸಿಲು ಬಂದ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಸಂದು ಮಾತ್ರ ದಿನಗಟ್ಟಲೆ ಒದ್ದೆ. ಗಾಳಿಯ ತೇವ ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ವೇಗವಾಗಿ ಹಿಡಿಯುತ್ತದೆ. ನಮ್ಮ ಆಷಾಢ, ಶ್ರಾವಣದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದು ಎಲ್ಲಿ? ಆಗುಂಬೆ ನಿಮಗೆ ದೂರವೇನಲ್ಲ, ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ.

ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ತಿಂದ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಜಾಗ ಹಿಡಿಯುತ್ತದೆ. ಗಾಡಿ ನಿಂತೇ ಇದ್ದರೆ ಈ ಉಬ್ಬಿದ ತುಕ್ಕು ಸಂದನ್ನೆಲ್ಲಾ ತುಂಬಿ ಪಿನ್ನನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಪಿನ್ನು ಕಚ್ಚಿಕೊಂಡಿದ್ದು ಹೀಗೆ. ಗಾಡಿ ಓಡುತ್ತಿದ್ದರೆ ಅದೇ ತುಕ್ಕು ಪುಡಿಯಾಗಿ ಉದುರುತ್ತದೆ. ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅಂದರೆ ನಿಮ್ಮ ಪಿನ್ನಿನ ಸುತ್ತ ಒಂದು ಉಜ್ಜುವ ಪುಡಿ ತಾನಾಗೇ ತಯಾರಾಗುತ್ತಿದೆ. ಅದಕ್ಕೆ ತೋಟದ ಮಣ್ಣಿನ ಮರಳು ಸೇರುತ್ತದೆ. ಮರಳಿನ ಹರಳು ಸಾದಾ ಕಬ್ಬಿಣಕ್ಕಿಂತ ಗಟ್ಟಿ. ಉಜ್ಜಿ ಉಜ್ಜಿ ಸಂದು ದೊಡ್ಡದಾಗುತ್ತದೆ, ದೊಡ್ಡ ಸಂದಿನಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ.

ಒಂದು ಹಂತ ದಾಟಿದ ಮೇಲೆ ಉಜ್ಜುವುದು ಮುಗಿದು ಗುದ್ದುವುದು ಶುರುವಾಗುತ್ತದೆ. ಕ್ಲಚ್ ಬಿಟ್ಟ ಕೂಡಲೇ ಗಾಡಿ ಮುಂದೆ ಹೋಗುತ್ತದೆ, ಗೊಬ್ಬರ ತುಂಬಿದ ಟ್ರೈಲರ್ ಇನ್ನೂ ನಿಂತಿರುತ್ತದೆ. ಸಂದು ಮುಗಿದಾಗ ಪಿನ್ನು ತೂತಿನ ಅಂಚಿಗೆ ಹೋಗಿ ಬಡಿಯುತ್ತದೆ. ಬ್ರೇಕ್ ಹಿಡಿದಾಗ ಹಿಂದಿನಿಂದ ಟ್ರೈಲರ್ ಬಂದು ಗುದ್ದುತ್ತದೆ. ಒಂದು ಮಿ.ಮೀ. ಸಂದಿದ್ದಾಗ ಅದು ಬರೀ ಎಳೆತ. ಐದು ಮಿ.ಮೀ. ಆದರೆ ಸುತ್ತಿಗೆಯ ಏಟು. ಹೀಗಾಗಿಯೇ ತೂತು ದುಂಡಗೆ ದೊಡ್ಡದಾಗದೆ ಉದ್ದಕ್ಕೆ, ಮೊಟ್ಟೆಯ ಹಾಗೆ ಬೆಳೆಯುತ್ತದೆ.

ಇನ್ನು ನೀವು ಬರೆದ ಬೋರ್ಡೊ ಡ್ರಮ್ಮಿನ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಕಂಡಿದ್ದು ಅದೇ. ಶೇ. 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಅಂತ ನೋಡಲು ಹಿರಿಯರು ಕತ್ತಿ ಅದ್ದಿ ನೋಡುತ್ತಿದ್ದರು, ಈಗಲೂ ನೋಡುತ್ತಾರೆ. ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ, ಸುಣ್ಣ ಕಡಿಮೆ ಇದ್ದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿರುತ್ತದೆ. ಆ ಕೆಂಪು ಬಣ್ಣ ಸುಮ್ನೆ ಅಂಟಿಕೊಂಡಿದ್ದಲ್ಲ. ತಾಮ್ರ ಕೂತಷ್ಟೂ ಜಾಗದಲ್ಲಿ ಕಬ್ಬಿಣ ಕರಗಿ ನೀರಿಗೆ ಹೋಗಿದೆ. ಕತ್ತಿಗೆ ಆದದ್ದೇ ನಿಮ್ಮ ಕೊಂಡಿಗೂ ಆಗುತ್ತದೆ. ಸರಿಯಾಗಿ ಹದ ಮಾಡಿದ ದ್ರಾವಣ ಸಿಡಿದರೆ ಅಷ್ಟು ತೊಂದರೆ ಇಲ್ಲ. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ನೀರು ಟ್ರೈಲರ್ ಮೂತಿಯ ಮೇಲೆ ಚೆಲ್ಲಿದರೆ ಮಾತ್ರ ಅದು ನೇರವಾಗಿ ಕಬ್ಬಿಣ ತಿನ್ನುತ್ತದೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಕೂತ ತಾಮ್ರದ ಚುಕ್ಕೆಗಳ ಅಕ್ಕಪಕ್ಕ ಮುಂದೆ ಪ್ರತಿ ಮಳೆಗೂ ತುಕ್ಕು ಬೇಗ ಹಿಡಿಯುತ್ತದೆ. ಎರಡು ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ತಾಮ್ರ ಉಳಿಯುತ್ತದೆ, ಕಬ್ಬಿಣ ಸೋಲುತ್ತದೆ.

ಹಾಗಾಗಿ ಎರಡು ಕೆಲಸ ಮಾಡಿ. ದ್ರಾವಣ ಕಲಸುವುದನ್ನು ಟ್ರೈಲರ್ ಮೇಲೆ ಮಾಡಬೇಡಿ, ಕೆಳಗೆ ಕಲಸಿ ಡ್ರಮ್ಮಿಗೆ ತುಂಬಿ. ಡ್ರಮ್ಮನ್ನು ಟ್ರೈಲರ್‌ನ ಮುಂಭಾಗದ ಅಂಚಿಗೆ ಇಡದೆ ನಡುವೆ ಇಟ್ಟು ಕಟ್ಟಿ. ಮದ್ದು ಹೊಡೆದ ದಿನ ಸಂಜೆ, ಎಷ್ಟೇ ಸುಸ್ತಾಗಿದ್ದರೂ, ಪಿನ್ನು ಹೊರಗೆ ತೆಗೆದು ತೂತಿನ ಒಳಗೆ ನಾಲ್ಕು ಚೆಂಬು ಸಾದಾ ನೀರು ಹೊಯ್ಯಿರಿ. ಬಟ್ಟೆಯಲ್ಲಿ ಒರೆಸಿ ಗ್ರೀಸ್ ಹಚ್ಚಿ. ಐದು ನಿಮಿಷದ ಕೆಲಸ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮದ್ದು ಹೊಡೆಯುವುದು ಎರಡೋ ಮೂರೋ ಸಲ ಅಲ್ವಾ, ಅಷ್ಟು ಸಂಜೆಗಳನ್ನು ಕೊಂಡಿಗೆ ಕೊಡಬಹುದು.

ಗೊಬ್ಬರದ ವಿಷಯವೂ ಹೀಗೇ. ಪೊಟ್ಯಾಷ್ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡ್. ಸಮುದ್ರದ ಉಪ್ಪು ಕಬ್ಬಿಣಕ್ಕೆ ಮಾಡುವುದನ್ನೇ ಇದೂ ಮಾಡುತ್ತದೆ. ಒಬ್ಬರು ತೋಟದವರು ಬಹಳ ಕಾಳಜಿಯಿಂದ ಮಳೆಗಾಲ ಪೂರ್ತಿ ಕೊಂಡಿಗೆ ಖಾಲಿ ಗೊಬ್ಬರದ ಚೀಲ ಸುತ್ತಿ ಕಟ್ಟಿದ್ದರು. ಬಿಚ್ಚಿ ನೋಡಿದಾಗ ಒಳಗೆ ಪದರ ಪದರವಾಗಿ ತುಕ್ಕು ಎದ್ದಿತ್ತು, ಉಗುರಿನಲ್ಲಿ ಕೆರೆದರೆ ಹಪ್ಪಳದಂತೆ ಕಿತ್ತು ಬರುತ್ತಿತ್ತು. ಚೀಲದ ಹೊಲಿಗೆಯಲ್ಲಿ ಉಳಿದ ಪೊಟ್ಯಾಷ್ ಹರಳು ಗಾಳಿಯ ತೇವ ಎಳೆದುಕೊಂಡು ಕೊಂಡಿಯನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟಿತ್ತು. ಗೋಣಿ ಚೀಲವೂ ಬೇಡ, ಅದು ನೀರು ಕುಡಿದು ಹಿಡಿದಿಡುತ್ತದೆ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದರೆ ಒಳಗೇ ಬೆವರುತ್ತದೆ. ಮುಚ್ಚುವುದಿದ್ದರೆ ಮೇಲೆ ಸೂರಿನ ಹಾಗೆ ಇರಲಿ, ಕೆಳಗೆ ಗಾಳಿ ಆಡಲಿ. ಅಡಿಕೆ ಹಾಳೆಯೊಂದನ್ನು ಮಗುಚಿ ಇಟ್ಟು ಕಲ್ಲು ಹೇರಿದರೂ ಆಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ವೆಲ್ಡಿಂಗೋ, ಬದಲಿಸುವುದೋ? ಅಳತೆ ಮಾಡದೆ ಹೇಳಲಾಗದು. ನೀವೇ ಅಳೆಯಬಹುದು. ಗಾಡಿಗೆ ಹೊಂದುವ ಹೊಸ ಪಿನ್ನು ಒಂದು ತನ್ನಿ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ 22 ಮಿ.ಮೀ. ಹತ್ತಿರದ್ದು ಜಾಸ್ತಿ ಕಾಣುತ್ತದೆ, ಆದರೂ ಹಳೆಯ ಪಿನ್ನಿನ ಸವೆಯದ ಭಾಗವನ್ನು, ತಲೆಯ ಕೆಳಗಿನ ಅರ್ಧ ಇಂಚನ್ನು, ಅಳೆದೇ ತನ್ನಿ. ತೂತನ್ನು ಉಜ್ಜಿ ಒರೆಸಿ ಹೊಸ ಪಿನ್ನು ಇಳಿಸಿ, ಒಂದು ಬದಿಗೆ ಒತ್ತಿ ಹಿಡಿಯಿರಿ. ಎದುರು ಬದಿಯ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡಿನ ತುಂಡುಗಳನ್ನು ಒಂದರ ಪಕ್ಕ ಒಂದು ತೂರಿಸಿ. ಹಲ್ಲಿನ ಕಡೆ ಬೇಡ, ಬೆನ್ನಿನ ಕಡೆ. ಬ್ಲೇಡ್ ದಪ್ಪ ಸುಮಾರು 0.6 ಮಿ.ಮೀ. ಮೂರು ತುಂಡು ಹಿಡಿದರೆ ಸಂದು 1.8. ಐದು ಹಿಡಿದರೆ 3. ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ನೋಡಿ. ಟ್ರ್ಯಾಕ್ಟರ್ ಕಡೆಯ ತೂತು, ಟ್ರೈಲರ್ ಕಡೆಯ ತೂತು, ಎರಡನ್ನೂ ಬೇರೆ ಬೇರೆ ನೋಡಿ. ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು.

ನಾನು ಇಟ್ಟುಕೊಂಡ ಲೆಕ್ಕ ಇಷ್ಟು. ಸಂದು ಎರಡು ಮಿ.ಮೀ. ಒಳಗಿದ್ದರೆ ಹೊಸ ಪಿನ್ನು, ಗ್ರೀಸ್, ಅಷ್ಟೇ ಸಾಕು. ಎರಡರಿಂದ ನಾಲ್ಕು ಇದ್ದರೆ ಬುಷ್, ಅಂದರೆ ತೂತಿನೊಳಗೆ ಕೂರುವ ಬಳೆ, ಹಾಕಿಸಿ. ತೂತನ್ನು ಲೇತ್ ಅಥವಾ ಬೋರಿಂಗ್ ಮಷಿನ್ನಿನಲ್ಲಿ ದುಂಡಗೆ ದೊಡ್ಡದು ಮಾಡಿ, ಒಳಗೆ ಗಟ್ಟಿ ಉಕ್ಕಿನ ಬುಷ್ ಒತ್ತಿ ಕೂರಿಸುತ್ತಾರೆ. ಮುಂದೆ ಸವೆದರೆ ಬುಷ್ ಒಂದೇ ಬದಲಿಸಿದರಾಯಿತು. ನಾಲ್ಕು ದಾಟಿದ್ದರೆ, ಅಥವಾ ತೂತಿನಿಂದ ಪಟ್ಟಿಯ ಅಂಚಿನವರೆಗೆ ಉಳಿದ ಕಬ್ಬಿಣ ತೆಳ್ಳಗಾಗಿದ್ದರೆ, ಅಥವಾ ಕೂದಲೆಳೆಯಂಥ ಬಿರುಕು ಕಂಡರೆ, ಆ ಭಾಗ ಬದಲಿಸಿ. ಟ್ರ್ಯಾಕ್ಟರ್ ಕಡೆಯ ಡ್ರಾಬಾರ್ ಅಥವಾ ಹುಕ್ಕು ಸಾಮಾನ್ಯವಾಗಿ ಬೋಲ್ಟಿನಲ್ಲೇ ಕೂತಿರುತ್ತದೆ, ಬಿಚ್ಚಿ ಹೊಸದು ಹಾಕಬಹುದು. ಟ್ರೈಲರ್ ಕಡೆಯ ಕಣ್ಣು ವೆಲ್ಡ್ ಆಗಿದ್ದರೆ ಕತ್ತರಿಸಿ ಹೊಸ ಕಣ್ಣು ಕೂರಿಸಬೇಕು.

ಸವೆದ ತೂತಿನ ಒಳಗೆ ವೆಲ್ಡಿಂಗ್ ರಾಡ್ ಕರಗಿಸಿ ತುಂಬಿ, ಗ್ರೈಂಡರ್‌ನಲ್ಲಿ ದುಂಡಗೆ ಮಾಡಿಸುವುದು ಊರಲ್ಲೆಲ್ಲಾ ಇದೆ. ಅದು ಬೇಡ. ವರ್ಕ್‌ಶಾಪ್ ಶುರು ಮಾಡಿದ ಹೊಸದರಲ್ಲಿ ನಾನೂ ಹಾಗೆ ಮಾಡಿಕೊಟ್ಟಿದ್ದೆ. ಜುಲೈ ತಿಂಗಳು, ಜಡಿಮಳೆ. ರಾಡಿನ ಪೊಟ್ಟಣ ತೆರೆದು ವಾರವಾಗಿತ್ತು, ರಾಡು ತೇವ ಹೀರಿತ್ತು. ತೇವದ ರಾಡಿನಿಂದ ಬೆಸೆದರೆ ನೀರಿನ ಹೈಡ್ರೋಜನ್ ಉಕ್ಕಿನ ಒಳಗೆ ಸೇರಿ, ಬೆಸುಗೆಯ ಪಕ್ಕದಲ್ಲಿ ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಒಂದು ತಿಂಗಳಿಗೆ ಗೊಬ್ಬರ ತುಂಬಿದ ಟ್ರೈಲರ್ ಏರಿನಲ್ಲಿ ಕಳಚಿಕೊಂಡು ಹಿಂದಕ್ಕೆ ಉರುಳಿ, ಅಗಳದ ಪಕ್ಕದ ಹಲಸಿನ ಮರಕ್ಕೆ ತಾಗಿ ನಿಂತಿತು. ಎರಡು ನಿಮಿಷದ ಹಿಂದೆ ಆ ಮನೆಯ ಹುಡುಗ ಟ್ರೈಲರ್ ಹಿಂದೆಯೇ ನಡೆದುಕೊಂಡು ಬರುತ್ತಿದ್ದ. ಆ ದಿನದಿಂದ ನಾನು ತೂತು ತುಂಬಿಸುವ ಕೆಲಸ ಹಿಡಿದಿಲ್ಲ. ಟ್ರೈಲರ್‌ಗೆ ಹೊಸ ಕಣ್ಣು ಬೆಸೆಯುವುದಿದ್ದರೂ ಲೋ-ಹೈಡ್ರೋಜನ್ ರಾಡು ಬಳಸುವ, ರಾಡನ್ನು ಓವನ್‌ನಲ್ಲಿ ಒಣಗಿಸಿಡುವ ಕಡೆಗೇ ಹೋಗಿ. ಬೆಸೆಯುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಅರ್ತ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ಕರೆಂಟು ಬೇರಿಂಗ್‌ಗಳ ಮೂಲಕ ಹಾದು ಅವನ್ನು ಸುಡಬಹುದು. ಪಿನ್ನನ್ನಂತೂ ಯಾವತ್ತೂ ವೆಲ್ಡ್ ಮಾಡಿಸಬೇಡಿ. ಅದಕ್ಕೆ ಕೊಟ್ಟ ಹದ ಬಿಸಿಗೆ ಹೋಗಿಬಿಡುತ್ತದೆ.

ಪಿನ್ನು ಅಂದಾಗ ಇನ್ನೊಂದು ನೆನಪಾಯಿತು. ಪಿನ್ನು ಕಳೆದುಹೋದಾಗ ಮನೆ ಕಟ್ಟಿಸಿ ಉಳಿದ ಟಿಎಂಟಿ ಸರಳಿನ ತುಂಡು ಬಗ್ಗಿಸಿ ಹಾಕಿಕೊಳ್ಳುವುದು ತೋಟಗಳಲ್ಲಿ ಸಾಮಾನ್ಯ. ನಿಮ್ಮಲ್ಲೂ ಯಾವಾಗಲಾದರೂ ಹಾಗೆ ಆಗಿತ್ತಾ ನೋಡಿಕೊಳ್ಳಿ. ಟಿಎಂಟಿ ಸರಳಿನ ಹೊರಪದರ ಬೇಕೆಂದೇ ಗಟ್ಟಿ ಮಾಡಿರುತ್ತಾರೆ, ಮೇಲೆ ಏಣುಗಳಿರುತ್ತವೆ. ತೂತಿನೊಳಗೆ ಅದು ಅರದ ಹಾಗೆ ಕೆಲಸ ಮಾಡುತ್ತದೆ. ಒಂದೇ ಬೇಸಿಗೆಯಲ್ಲಿ ತೂತು ಹಾಳಾದದ್ದನ್ನು ನೋಡಿದ್ದೇನೆ. ಉದ್ದದ ಬೋಲ್ಟ್ ಹಾಕುವುದೂ ಹಾಗೇ, ಮರೆ (ತಿರುಪಿನ ಗೆರೆ) ಇರುವ ಭಾಗ ತೂತಿನೊಳಗೆ ಬಂದರೆ ಗರಗಸ. 22ರ ತೂತಿಗೆ 18ರ ಪಿನ್ನು ಹಾಕಿದರೆ ಭಾರವೆಲ್ಲಾ ಒಂದು ಗೆರೆಯ ಮೇಲೆ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿದರೆ ತುಕ್ಕಿನ ಗೋಳೇ ಇಲ್ಲ ಅಂತ ಅನಿಸಬಹುದು. ಪಿನ್ನಿಗೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಒದ್ದೆಯಲ್ಲಿ ಅದರ ಪಕ್ಕದ ಸಾದಾ ಕಬ್ಬಿಣ ಬೇಗ ತಿಂದುಹೋಗುತ್ತದೆ. ಕೊನೆಗೆ ಪಿನ್ನು ಉಳಿಸಿ ಕೊಂಡಿ ಕಳೆದುಕೊಂಡ ಹಾಗೆ. ಸವೆಯುವುದು ಯಾವುದು ಅಂತ ನಾವೇ ಆರಿಸಬೇಕು. ಪಿನ್ನು ಸವೆಯಲಿ, ತೂತು ಉಳಿಯಲಿ. ಲೇತ್‌ನವರ ಹತ್ತಿರ ಇಎನ್ 8 ಅನ್ನುವ ಜಾತಿಯ ಉಕ್ಕಿನ ರಾಡಿನಲ್ಲಿ ನುಣುಪಾಗಿ ಕಡೆಸಿದ ಪಿನ್ನು ಎರಡು ಮಾಡಿಸಿ. ಒಂದು ಗಾಡಿಯಲ್ಲಿ, ಇನ್ನೊಂದು ಟೂಲ್ ಬಾಕ್ಸ್‌ನಲ್ಲಿ. ಪಿನ್ನಿನ ಮೇಲೆ ಉಗುರು ಎಳೆದಾಗ ಮೆಟ್ಟಿಲು ಸಿಕ್ಕಿದರೆ ಬದಲಿಸುವ ಹೊತ್ತು ಬಂತು ಅಂತ. ಕೆಳಗೆ ಹಾಕುವ ಕ್ಲಿಪ್ಪು ತಂತಿಯದ್ದಾಗಿದ್ದರೆ ಸೊಪ್ಪು ಸಿಕ್ಕಿ ಹಾರಿಹೋಗುತ್ತದೆ, ರಿಂಗ್ ಇರುವ ಲಿಂಚ್ ಪಿನ್ ಹಾಕಿ.

ಟಕ ಟಕ ಸದ್ದು ಮೇಲೆ ಕೆಳಗೆ ಕುಣಿಯುವುದರಿಂದಲೂ ಬರುತ್ತದೆ. ಡ್ರಾಬಾರ್‌ನ ಎರಡು ದವಡೆಗಳ ನಡುವೆ ಟ್ರೈಲರ್ ಕಣ್ಣು ಸಡಿಲವಾಗಿದ್ದರೆ ದಪ್ಪ ವಾಷರ್ ಹಾಕಿ ತುಂಬಿಸಿ, ಒಂದೆರಡು ಮಿ.ಮೀ. ಮಾತ್ರ ಉಳಿಯಲಿ. ತೀರಾ ಬಿಗಿ ಮಾಡಬೇಡಿ, ಕಾಲುವೆ ದಾಟುವಾಗ ಕಣ್ಣು ಬಾಗಲು ಜಾಗ ಬೇಕು. ಟ್ರೈಲರ್ ತುಂಬುವಾಗ ಭಾರ ಗಾಲಿಯ ಹಿಂದೆ ಬಿದ್ದರೆ ಮೂತಿ ಮೇಲಕ್ಕೆ ಎದ್ದು ಎದ್ದು ಬಡಿಯುತ್ತದೆ. ಗಾಲಿಯಿಂದ ಸ್ವಲ್ಪ ಮುಂದೆ ಭಾರ ಬೀಳುವ ಹಾಗೆ ತುಂಬಿ. ಹಸಿ ಗೊನೆ ತುಂಬುವಾಗ ಎಲ್ಲರೂ ಹಿಂದಿನಿಂದ ಎಸೆಯುತ್ತಾ ಹೋಗುತ್ತಾರೆ, ಮೊದಲು ಮುಂದೆ ತುಂಬಿಸಲು ಹೇಳಿ.

ಹಚ್ಚುವುದು ಏನು? ಸುಟ್ಟ ಆಯಿಲ್ ಬೇಡ. ಅದರಲ್ಲಿ ಮಸಿ, ಆಮ್ಲ, ಸವೆದ ಲೋಹದ ಪುಡಿ ಇರುತ್ತದೆ. ತೆಳ್ಳಗಿರುವುದರಿಂದ ಒಂದು ಜೋರು ಮಳೆಗೆ ತೊಳೆದು ತೋಟಕ್ಕೆ ಇಳಿಯುತ್ತದೆ. ನಿಮ್ಮ ಬಾವಿ, ಕೆರೆ ಇರುವುದು ತೋಟದ ಕೆಳಗೇ ಅಲ್ವಾ? ದಿನಾ ಕೈಗೆ ಮೆತ್ತಿಕೊಳ್ಳುವುದು ಚರ್ಮಕ್ಕೂ ಒಳ್ಳೆಯದಲ್ಲ. ಡೀಸೆಲ್ ತೊಳೆಯಲು ಸರಿ, ಕಾಪಾಡಲು ಅಲ್ಲ. ಡಬ್ಲ್ಯುಡಿ-40 ಸ್ಪ್ರೇಯನ್ನು ಎಲ್ಲದಕ್ಕೂ ಹೊಡೆಯುವವರಿದ್ದಾರೆ. ಅದರ ಹೆಸರಿನ ಅರ್ಥವೇ ನೀರನ್ನು ಸರಿಸುವುದು. 1953ರಲ್ಲಿ ಅಮೆರಿಕದಲ್ಲಿ ಅದಕ್ಕೆಂದೇ ತಯಾರಿಸಿದ್ದು. ಒದ್ದೆಯಾದ ತೂತಿನಿಂದ ನೀರು ಓಡಿಸಲು ಚೆನ್ನ. ಆಮೇಲೆ ಗ್ರೀಸ್ ಹಚ್ಚಲೇಬೇಕು. ತೆಂಗಿನೆಣ್ಣೆ, ಹರಳೆಣ್ಣೆ ಹಚ್ಚಬೇಡಿ, ಹಳತಾದಂತೆ ಹುಳಿಯಾಗಿ ಅಂಟಂಟಾಗುತ್ತವೆ.

ಗ್ರೀಸ್‌ನಲ್ಲೂ ನೋಡಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಲಿಥಿಯಂ ಗ್ರೀಸ್ ಸಾಧಾರಣ ಕೆಲಸಕ್ಕೆ ಸಾಕು. ಮಳೆಗೆ ಕ್ಯಾಲ್ಸಿಯಂ ಗ್ರೀಸ್ ಇನ್ನೂ ಚೆನ್ನಾಗಿ ತಡೆಯುತ್ತದೆ. ಕೊಂಡಿ ಬಿಸಿಯಾಗುವ ಜಾಗ ಅಲ್ಲದ್ದರಿಂದ ಅದು ಬಿಸಿ ತಡೆಯುವುದಿಲ್ಲ ಅನ್ನುವ ದೂರು ಇಲ್ಲಿಗೆ ಅನ್ವಯಿಸುವುದಿಲ್ಲ. ಮಾಲಿಬ್ಡಿನಂ ಸೇರಿದ ಕಪ್ಪು ಗ್ರೀಸ್ ಸಿಕ್ಕರೆ ಪಿನ್ನಿಗೆ ಅದು ಬಹಳ ಒಳ್ಳೆಯದು, ಭಾರದಲ್ಲಿ ನಿಧಾನ ಉಜ್ಜುವ ಜಾಗಕ್ಕೆ ಹೇಳಿ ಮಾಡಿಸಿದ್ದು. ಡಬ್ಬಿಯ ಮೇಲೆ ಬರೆದದ್ದು ಅರ್ಥವಾಗದಿದ್ದರೆ ಅಂಗೈಯಲ್ಲಿ ಕಡಲೆಕಾಳಿನಷ್ಟು ಗ್ರೀಸ್ ತೆಗೆದುಕೊಂಡು ನಾಲ್ಕು ಹನಿ ನೀರು ಹಾಕಿ ಉಜ್ಜಿ. ಹಾಲಿನಂತೆ ಬೆಳ್ಳಗಾಗಿ ನೀರಿನ ಜೊತೆ ಹೋಗಿಬಿಟ್ಟರೆ ಅದು ಮಲೆನಾಡಿಗೆ ಆಗದು. ನೀರು ಹನಿಹನಿಯಾಗಿ ಬೇರೆ ನಿಂತು ಗ್ರೀಸ್ ಅಂಟಿಕೊಂಡೇ ಇದ್ದರೆ ತನ್ನಿ. ಒಂದು ಗ್ರೀಸಿನ ಮೇಲೆ ಇನ್ನೊಂದು ಜಾತಿಯದನ್ನು ಹಚ್ಚಬೇಡಿ. ಕೆಲವು ಸೇರಿದರೆ ನೀರಾಗುತ್ತವೆ. ಹಳೆಯದನ್ನು ಪೂರ್ತಿ ಒರೆಸಿ.

ಒರೆಸುವುದೇ ಇಲ್ಲಿ ದೊಡ್ಡ ಕೆಲಸ. ಹಳೆಯ ಗ್ರೀಸ್‌ನಲ್ಲಿ ಮರಳು, ತುಕ್ಕಿನ ಪುಡಿ ಸೇರಿರುತ್ತದೆ. ಅದರ ಮೇಲೇ ಹೊಸದು ಬಳಿದರೆ ಉಜ್ಜುವ ಪುಡಿಗೆ ಎಣ್ಣೆ ಕೊಟ್ಟ ಹಾಗಾಯಿತು. ವಾರಕ್ಕೊಮ್ಮೆ ಪಿನ್ನು ತೆಗೆದು ಬಟ್ಟೆಯಲ್ಲಿ ಒರೆಸಿ. ತೂತಿನೊಳಗೆ ಬಟ್ಟೆ ತೂರಿಸಿ ಬೀಸುವ ಕಲ್ಲಿನ ಗೂಟದ ಹಾಗೆ ತಿರುಗಿಸಿ ಎಳೆಯಿರಿ. ಬಟ್ಟೆ ಕೆಂಪಗೆ ಬಂದರೆ ಇನ್ನೊಂದು ಸಲ. ಆಮೇಲೆ ಬೆರಳಲ್ಲಿ ತೆಳ್ಳಗೆ ಹಚ್ಚಿ. ವಿಜಯಪುರದ ಕಡೆ ದ್ರಾಕ್ಷಿ ತೋಟದವರಿಗೆ ನಾನು ಬೇರೆ ಹೇಳುತ್ತೇನೆ. ಅಲ್ಲಿ ಮಳೆ ಕಡಿಮೆ, ಧೂಳು ಜಾಸ್ತಿ, ಅವರಿಗೆ ಒಣ ಗ್ರ್ಯಾಫೈಟ್ ಪುಡಿ ಮೇಲು. ನಮಗೆ ಗ್ರೀಸ್ ಬಿಟ್ಟು ಗತಿ ಇಲ್ಲ.

ಬಣ್ಣ ಹೊಡೆಯುವುದು ಹೊರಮೈಗೆ ಮಾತ್ರ. ತೂತಿನೊಳಗೆ, ಪಿನ್ನಿಗೆ, ಲಿಂಕ್‌ಗಳ ಗುಂಡುಗಳಿಗೆ ಬಣ್ಣ ಬೇಡ. ಒಂದೇ ದಿನದಲ್ಲಿ ಕಿತ್ತು ಬಂದು ಅದೂ ಕಸವಾಗುತ್ತದೆ. ವೈರ್ ಬ್ರಷ್‌ನಲ್ಲಿ ಸಡಿಲ ತುಕ್ಕು ಕೆರೆದು, ಗ್ರೀಸ್ ಕಲೆಯನ್ನು ಥಿನ್ನರ್‌ನಲ್ಲಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಎನಾಮೆಲ್ ಎರಡು ಕೈ. ಏಪ್ರಿಲ್ ಬಿಸಿಲಲ್ಲಿ ಮಾಡಿ, ಜೂನ್‌ನಲ್ಲಿ ಮಾಡಿದರೆ ಬಣ್ಣದ ಕೆಳಗೇ ತೇವ ಉಳಿಯುತ್ತದೆ. ಕೆರೆದರೂ ಹೋಗದ ತುಕ್ಕಿಗೆ ರಸ್ಟ್ ಕನ್ವರ್ಟರ್ ಸಿಗುತ್ತದೆ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಗಾಗುವುದನ್ನು ದಿನಾ ನೋಡುತ್ತೀರಿ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆ ಕಪ್ಪು ಬರುತ್ತದೆ. ಕೆಲವು ಕನ್ವರ್ಟರ್‌ಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ, ತುಕ್ಕನ್ನು ಕಪ್ಪು ಗಟ್ಟಿ ಪದರವಾಗಿ ಮಾಡುತ್ತದೆ. ಹಾಗಂತ ಚೊಗರು ತಂದು ಬಳಿಯಬೇಡಿ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಕನ್ವರ್ಟರ್ ಹಚ್ಚಿದ ಮೇಲೂ ಪ್ರೈಮರ್ ಬೇಕೇ ಬೇಕು.

ಮುಂದೆ ಯಾವಾಗಲಾದರೂ ಪಿನ್ನು ಕಚ್ಚಿಕೊಂಡರೆ ಮೊದಲೇ ಸುತ್ತಿಗೆ ಎತ್ತಬೇಡಿ. ತಲೆಗೆ ಹೊಡೆದರೆ ಅದು ಅಣಬೆಯಂತೆ ಅರಳುತ್ತದೆ, ಕೆಳಗಿನ ತುದಿಗೆ ಹೊಡೆದರೂ ತುದಿ ಅರಳಿ ತೂತಿನಲ್ಲಿ ಇನ್ನೂ ಬಿಗಿಯಾಗುತ್ತದೆ. ಸುತ್ತ ಬ್ರಷ್ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಮೇಲೂ ಕೆಳಗೂ ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹಾಕಿ, ಪಿನ್ನಿಗಲ್ಲ, ಅದರ ಸುತ್ತಲಿನ ಪಟ್ಟಿಗೆ ಮೆಲ್ಲಗೆ ತಟ್ಟಿ. ಆಮೇಲೆ ಪೈಪ್ ಪಾನಾದಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಒಂದು ಸಲ ತಿರುಗಿತು ಅಂದರೆ ಬಂದ ಹಾಗೇ. ಅದಕ್ಕೂ ಬಗ್ಗದಿದ್ದರೆ ಮಾತ್ರ ಬಿಸಿ. ಪಟ್ಟಿಯನ್ನು 200 ಡಿಗ್ರಿಯಷ್ಟು ಬಿಸಿ ಮಾಡಿದರೂ 22 ಮಿ.ಮೀ. ತೂತು ಹಿಗ್ಗುವುದು 0.05 ಮಿ.ಮೀ. ಅಷ್ಟೇ, ಕೂದಲಿನ ದಪ್ಪವೂ ಇಲ್ಲ. ಆದರೂ ತುಕ್ಕಿನ ಹಿಡಿತ ಬಿಡಿಸಲು ಅದು ಸಾಕು. ಎಣ್ಣೆ ಪೂರ್ತಿ ಒರೆಸಿಯೇ ಬೆಂಕಿ ಹಿಡಿಯಿರಿ. ಹೈಡ್ರಾಲಿಕ್ ಪೈಪು, ಸೀಲು, ಟಯರು ಹತ್ತಿರವಿದ್ದರೆ ಮೆಕ್ಯಾನಿಕ್ ಕೈಗೇ ಕೊಡಿ.

ನೀವು ಕೇಳದಿದ್ದರೂ ಮೂರು ಪಾಯಿಂಟ್ ಲಿಂಕೇಜ್ ಬಗ್ಗೆ, ಅಂದರೆ ನೇಗಿಲಿನಂಥ ಉಪಕರಣ ಸಿಕ್ಕಿಸಲು ಟ್ರ್ಯಾಕ್ಟರ್ ಹಿಂದೆ ಇರುವ ಮೇಲಿನ ಒಂದು (ಟಾಪ್), ಕೆಳಗಿನ ಎರಡು (ಲೋವರ್) ತೋಳುಗಳ ಬಗ್ಗೆ, ಎರಡು ಮಾತು. ಟಾಪ್ ಲಿಂಕ್‌ನ ಎರಡೂ ತುದಿಯ ಮರೆಗಳನ್ನು ಮೇ ತಿಂಗಳಲ್ಲಿ ಒಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ತಿರುಗಿಸಿ. ಅಲ್ಲಿ ಒಮ್ಮೆ ತುಕ್ಕು ಕಚ್ಚಿದರೆ ಬಿಡಿಸುವುದು ಪಿನ್ನಿಗಿಂತ ಕಷ್ಟ. ಲೋವರ್ ಲಿಂಕ್‌ನ ಗುಂಡುಗಳಿಗೆ ನಾಲ್ಕು ಹನಿ ಎಣ್ಣೆ ಹಾಕಿ ಕೈಯಲ್ಲಿ ಆಡಿಸಿ. ಲಿಫ್ಟ್ ರಾಡಿನ ನಿಪ್ಪಲ್‌ಗೆ (ಗ್ರೀಸ್ ತುಂಬುವ ಸಣ್ಣ ಮೂತಿಗೆ) ಮ್ಯಾನ್ಯುವಲ್‌ನಲ್ಲಿ ಬರೆದ ಗಂಟೆಗೆ ಗ್ರೀಸ್ ಹೊಡೆಯಿರಿ, ಮಳೆಗಾಲದಲ್ಲಿ ಅದರ ಅರ್ಧಕ್ಕೇ ಹೊಡೆಯಿರಿ. ಹೊಸ ಗ್ರೀಸ್ ಅಂಚಿನಿಂದ ಇಣುಕುವವರೆಗೆ ಹೊಡೆದರೆ ಒಳಗಿನ ನೀರೂ ಹೊರಗೆ ಬರುತ್ತದೆ. ಇನ್ನೊಂದು ಮುಖ್ಯ ಮಾತು. ಕೊಂಡಿ ಸವೆದಿದೆ ಅಂತ ಟ್ರೈಲರನ್ನೋ, ಮರದ ಬೊಡ್ಡೆಯನ್ನೋ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆಯಬೇಡಿ. ಎಳೆತ ಹಿಂದಿನ ಅಚ್ಚಿಗಿಂತ ಮೇಲೆ ಬಿದ್ದರೆ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಹಾರಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆಗೆ ಆಯುಧಪೂಜೆಯ ಹಿಂದಿನ ದಿನ ಇಟ್ಟುಕೊಳ್ಳಿ. ಹೇಗೂ ಅವತ್ತು ಗಾಡಿ ತೊಳೆಯುತ್ತೀರಿ. ಜೆಟ್ ನೀರು ಹೊಡೆದರೆ ತೂತು, ನಿಪ್ಪಲ್ ಒಳಗಿನ ಗ್ರೀಸ್ ಎಲ್ಲಾ ಹೋಗಿರುತ್ತದೆ, ಒಣಗಿದ ಮೇಲೆ ಮತ್ತೆ ಹಾಕಲು ಮರೆಯಬೇಡಿ. ಪಿನ್ನು, ಲಿಂಚ್ ಪಿನ್, ಟಾಪ್ ಲಿಂಕ್ ಬಿಚ್ಚಿ ತೊಳೆದು ಕತ್ತಿ, ಗುದ್ದಲಿಗಳ ಸಾಲಿನಲ್ಲೇ ಇಟ್ಟು ಪೂಜೆ ಮಾಡಿ. ನಮ್ಮ ಮನೆಯಲ್ಲಿ ಹಾಗೇ ಮಾಡುತ್ತೇವೆ. ಹೊತ್ತ ಭಾರದ ಲೆಕ್ಕದಲ್ಲಿ ಅವಕ್ಕೂ ಒಂದು ಕುಂಕುಮ ಸಲ್ಲಬೇಕು. ಪೂಜೆ ಮುಗಿದ ಮೇಲೆ ಕುಂಕುಮ, ನಿಂಬೆಹಣ್ಣಿನ ರಸ ತಾಗಿದ ಜಾಗ ಒರೆಸಿ ಗ್ರೀಸ್ ಹಚ್ಚಿ ಸಿಕ್ಕಿಸಿ.

ಕೊನೆಯ ಪ್ರಶ್ನೆ, ಮಳೆಗಾಲ ಪೂರ್ತಿ ಟ್ರೈಲರ್ ಸಿಕ್ಕಿಸಿಯೇ ಇಡಬಹುದಾ ಅಂತ. ಬೇಡ. ಎರಡು ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲ ಅಂದರೆ ಬಿಚ್ಚಿಡಿ. ಗಾಲಿಗೆ ಮುಂದೂ ಹಿಂದೂ ಕಲ್ಲು ಕೊಟ್ಟು, ಮೂತಿಯನ್ನು ಒಂದು ಜಂಬಿಟ್ಟಿಗೆ ಕಲ್ಲಿನ ಮೇಲೆ ಮರದ ತುಂಡಿಟ್ಟು ಎತ್ತರಕ್ಕೆ ನಿಲ್ಲಿಸಿ. ಟ್ರೈಲರ್ ಡಬ್ಬದಲ್ಲಿ ಬಿದ್ದ ನೀರು ಹಿಂದಕ್ಕೆ ಹರಿದುಹೋಗಲಿ. ಮೂತಿ ಮಣ್ಣಿಗೆ ತಾಗಬಾರದು. ಟ್ರೈಲರ್ ಕಣ್ಣಿಗೆ, ಡ್ರಾಬಾರ್ ತೂತಿಗೆ ಗ್ರೀಸ್ ದಪ್ಪಗೆ ಮೆತ್ತಿ ಬಿಡಿ. ಪಿನ್ನನ್ನು ಗಾಡಿಯಲ್ಲೇ ಬಿಡದೆ ಒಳಗೆ ಒಯ್ದು ಬಚ್ಚಲ ಒಲೆಯ ಮೇಲಿನ ಅಟ್ಟದ ಮೊಳೆಗೆ ನೇತುಹಾಕಿ. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಒಣಗಿದ ಜಾಗ ಅದೊಂದೇ. ಬೆಳಿಗ್ಗೆ ತೆಗೆದುಕೊಂಡು ಹೋಗುವಾಗ ಪಿನ್ನು ಕೈಗೆ ಬೆಚ್ಚಗಿರುತ್ತದೆ, ಗ್ರೀಸೂ ಅದರ ಮೇಲೆ ಸಲೀಸಾಗಿ ಹರಡುತ್ತದೆ.